ಕಿಟಕಿಗೂ ದಾಖಲೆಗೂ ನಡುವೆ ಒಬ್ಬ ಪ್ರಾಕ್ಸಿ

‘ಸರ್ವರ್ ಇಲ್ಲ, ನಾಳೆ ಬನ್ನಿ.’ ಈ ಮಾತನ್ನು ತಾವೂ ಒಮ್ಮೆಯಾದರೂ ಕೇಳಿರುತ್ತೀರಿ. ಸೊಸೈಟಿಯ ಬೆಳೆಸಾಲಕ್ಕೆ ಪಹಣಿ ಬೇಕೆಂದು, ಒಂದು ದಿನದ ಕೆಲಸ ಬಿಟ್ಟು ಬಸ್ಸು ಹತ್ತಿ ಬಂದಿರುತ್ತೀರಿ. ಕಿಟಕಿಯಾಚೆಯ ಪರದೆಯ ಮೇಲೆ ಚಕ್ರವೊಂದು ಸುತ್ತುತ್ತಲೇ ಇರುತ್ತದೆ. ನಿಜಕ್ಕೂ ಸರ್ವರ್ ಎಲ್ಲಿಗೂ ಹೋಗಿರುವುದಿಲ್ಲ. ಎಷ್ಟೋ ಸಲ ಅದು ಇದ್ದಲ್ಲೇ ಇರುತ್ತದೆ, ಅದರ ಬಾಗಿಲಲ್ಲಿ ನೂಕುನುಗ್ಗಲು, ಅಷ್ಟೆ. ಆ ಬಾಗಿಲಲ್ಲಿ ನಿಂತು ಸರದಿ ನೋಡಿಕೊಳ್ಳುವ ಪುಟ್ಟ ತಂತ್ರಾಂಶಕ್ಕೆ ಡೇಟಾಬೇಸ್ ಪ್ರಾಕ್ಸಿ ಎಂದು ಹೆಸರು. ಅದನ್ನು ಹೊಂದಿಸಿ ನಡೆಸುವ ಬಗೆಯನ್ನು ಈ ಸಲ ನೋಡೋಣ.

ಪಹಣಿ ಗಣಕಯಂತ್ರಕ್ಕೆ ಏರಿದ್ದು ಕಂದಾಯ ಇಲಾಖೆ ಎನ್‌ಐಸಿಯ ನೆರವಿನಿಂದ ನಡೆಸಿದ ‘ಭೂಮಿ’ ಯೋಜನೆಯಲ್ಲಿ. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳು ಅದರಲ್ಲಿ ಸೇರಿದವು. 2002ರ ಹೊತ್ತಿಗೆ ಆಗಿನ ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಸಿಗತೊಡಗಿತು. ಆಗ ಒಂದೊಂದು ತಾಲ್ಲೂಕಿಗೂ ಅದರದೇ ದತ್ತಸಂಚಯ. ಕಡೂರಿನದು ಕಡೂರಿನಲ್ಲಿ, ತರೀಕೆರೆಯದು ತರೀಕೆರೆಯಲ್ಲಿ. ಅಜ್ಜಂಪುರವಿನ್ನೂ ತರೀಕೆರೆ ತಾಲ್ಲೂಕಿನ ಹೋಬಳಿ. 2017ರ ಬಜೆಟ್ಟಿನಲ್ಲಿ ಘೋಷಣೆಯಾದ ಮೇಲೆ ಅದು ತಾನೇ ತಾಲ್ಲೂಕಾಯಿತು. ಇಂದು ದಾಖಲೆ ಒಂದೆಡೆ, ಕೇಳುವ ಕಿಟಕಿಗಳು ನೂರಾರು ಕಡೆ. ಹಿಂದೆ ಕಚೇರಿಯ ಜಗಲಿಯ ಮೇಲೆ ನಿಲ್ಲುತ್ತಿದ್ದ ಸಾಲು ಈಗ ಯಂತ್ರದೊಳಗೂ ನಿಲ್ಲುತ್ತದೆ.

ನನ್ನ ಕಸುಬಿನದೇ ಒಂದು ಹೋಲಿಕೆ ಕೊಡುತ್ತೇನೆ. ನೇರಪ್ರಸಾರದ ಫೋನ್-ಇನ್ ಕಾರ್ಯಕ್ರಮದಲ್ಲಿ ತಮಗೆ ಕಾಣುವವರು ನಿರೂಪಕರು ಮತ್ತು ತಜ್ಞರು. ಕಾಣದ ಒಬ್ಬರು ಗಾಜಿನಾಚೆ ಫೋನಿನ ಮೇಜಿಗೆ ಕುಳಿತಿರುತ್ತಾರೆ. ಹೆಸರು, ಊರು, ಪ್ರಶ್ನೆ ಕೇಳಿಕೊಂಡು, ‘ಸ್ವಲ್ಪ ಹಿಡಿದುಕೊಂಡಿರಿ’ ಎಂದು ಕೂರಿಸಿ, ಸ್ಟುಡಿಯೋದ ಲೈನು ಬಿಡುವಾದಾಗ ಒಬ್ಬೊಬ್ಬರನ್ನೇ ಒಳಕ್ಕೆ ಬಿಡುವವರು ಅವರು. ಅವರು ರಜೆ ಹಾಕಿದ ದಿನ ನನ್ನಂಥ ನಿರ್ಮಾಪಕನ ಪಾಡು ಬೇಡ! ಡೇಟಾಬೇಸ್ ಪ್ರಾಕ್ಸಿಯೂ ಇದೇ ಕೆಲಸದವನು. ಕಾಲೇಜಿನಲ್ಲಿ ಗೆಳೆಯನ ಹಾಜರಿ ಕೂಗುವ ‘ಪ್ರಾಕ್ಸಿ’ಯಂತೆ ಇವನೂ ಬೇರೊಬ್ಬರ ಪರವಾಗಿ ಉತ್ತರಿಸುತ್ತಾನೆ. ಕಿಟಕಿಯ ಯಂತ್ರಕ್ಕೆ ಇವನೇ ಸರ್ವರ್, ಸರ್ವರಿಗೆ ಇವನೇ ಗಿರಾಕಿ.

ಇನ್ನು ಕೈಗೆ ಕೆಲಸ. ಮುಂದೆ ಹೇಳುವುದು ‘ಭೂಮಿ’ಯ ಒಳಗಿನ ಏರ್ಪಾಡಲ್ಲ. ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ಪೋಸ್ಟ್‌ಗ್ರೆಸ್ ದತ್ತಸಂಚಯ ಮತ್ತು ಅದರ ಬಾಗಿಲು ಕಾಯುವ ಪಿಜಿಬೌನ್ಸರ್ ಎಂಬ ಪ್ರಾಕ್ಸಿ ನಮ್ಮ ಉದಾಹರಣೆ. ಆಜ್ಞೆಗಳನ್ನು ಟೈಪು ಮಾಡುವುದು ಇಂಗ್ಲಿಷ್ ಅಕ್ಷರದಲ್ಲಿ. ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಬರೆದಿದ್ದೇನೆ.

ಪೋಸ್ಟ್‌ಗ್ರೆಸ್ ಪ್ರತಿಯೊಂದು ಸಂಪರ್ಕಕ್ಕೂ ಬೇರೆಯದೇ ಒಂದು ಪ್ರಕ್ರಿಯೆಯನ್ನು ಹುಟ್ಟಿಸುತ್ತದೆ. ಅದಕ್ಕೆ ಸ್ಮೃತಿಯೂ ಬೇಕು, ಸಮಯವೂ ಬೇಕು. ಆದ್ದರಿಂದ ನಾವು ಬದಲಿಸದಿದ್ದರೆ ಅದರ ಮಿತಿ 100 ಸಂಪರ್ಕ. ಮಿತಿ ತುಂಬಿದ ಮೇಲೆ ಬಂದವರಿಗೆ, ಕ್ಷಮಿಸಿ, ಈಗಾಗಲೇ ಬಹಳ ಗಿರಾಕಿಗಳಿದ್ದಾರೆ ಎಂಬ ಅರ್ಥದ ಉತ್ತರ ಸಿಗುತ್ತದೆ. ವಿನಯವೇನೋ ಸರಿ, ಪಹಣಿ ಸಿಗಲಿಲ್ಲ.

ಪಿಜಿಬೌನ್ಸರಿಗೆ ನಾವು ಹೇಳಬೇಕಾದುದೆಲ್ಲ ‘ಪಿಜಿಬೌನ್ಸರ್ ಡಾಟ್ ಐಎನ್ಐ’ ಎಂಬ ಒಂದೇ ಕಡತದಲ್ಲಿರುತ್ತದೆ. ‘ಡೇಟಾಬೇಸಸ್’ ಎಂಬ ಮೊದಲ ಭಾಗದಲ್ಲಿ ದತ್ತಸಂಚಯದ ಹೆಸರು, ಅದು ಇರುವ ಯಂತ್ರದ ವಿಳಾಸ, 5432 ಎಂಬ ಪೋರ್ಟ್ ಸಂಖ್ಯೆ. ಎರಡನೆಯ ಭಾಗದಲ್ಲಿ ಪ್ರಾಕ್ಸಿ ತಾನು ಕಿವಿಗೊಡುವ ಪೋರ್ಟ್ 6432, ಗುಪ್ತಪದಗಳ ಕಡತದ ದಾರಿ, ಒಟ್ಟು ಎಷ್ಟು ಗಿರಾಕಿಗಳನ್ನು ಕೂರಿಸಬಹುದು, ಎಷ್ಟು ಲೈನುಗಳು ಒಳಗೆ ಹೋಗಬಹುದು ಎಂಬ ವಿವರ. ಗಿರಾಕಿಗಳು 1000, ಲೈನುಗಳು 20 ಎಂದಿಡಿ. ಗಾಬರಿ ಬೇಡ, ಲೆಕ್ಕ ನೋಡಿ. ಒಂದು ಪ್ರಶ್ನೆಗೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಹಿಡಿದರೆ, 20 ಲೈನುಗಳಲ್ಲಿ ಸೆಕೆಂಡಿಗೆ 400 ಪ್ರಶ್ನೆ ಮುಗಿಯುತ್ತವೆ.

ಇಲ್ಲೊಂದು ಸೂಕ್ಷ್ಮವಿದೆ. ಈ 20 ಎಂಬುದು ಒಟ್ಟಿಗಲ್ಲ, ದತ್ತಸಂಚಯ ಮತ್ತು ಬಳಕೆದಾರರ ಹೆಸರಿನ ಪ್ರತಿ ಜೋಡಿಗೆ. ಕಡೂರು, ತರೀಕೆರೆ, ಅಜ್ಜಂಪುರ ಎಂದು ಮೂರು ಬಳಕೆದಾರರನ್ನು ಮಾಡಿದರೆ ಒಳಗೆ ಹೋಗುವ ಲೈನುಗಳು 60. ನೂರರ ಮಿತಿಯೊಳಗೇ ಇವೆ. ಹೀಗೆ ಮಾಡುವುದೇ ಲೇಸೆಂದು ನನ್ನ ಎಣಿಕೆ. ಕಡೂರಿನಲ್ಲಿ ಸಾಲದ ಗಡುವಿನ ದಿನ ಎಷ್ಟೇ ಜನ ಮುಗಿಬಿದ್ದರೂ ಅಜ್ಜಂಪುರದ ಈರುಳ್ಳಿ ಬೆಳೆಗಾರರ 20 ಲೈನು ಅವರಿಗೇ ಉಳಿದಿರುತ್ತದೆ. ಎಲ್ಲರಿಗೂ ಒಂದೇ ಹೆಸರು ಕೊಟ್ಟರೆ ದೊಡ್ಡ ಊರಿನ ಗದ್ದಲದಲ್ಲಿ ಸಣ್ಣ ಊರು ಹಿಂದೆ ಬೀಳುತ್ತದೆ.

ಲೈನನ್ನು ಎಷ್ಟು ಹೊತ್ತು ಕೊಡಬೇಕೆಂಬುದು ‘ಪೂಲ್ ಮೋಡ್’. ‘ಸೆಷನ್’ ಎಂದರೆ ಗಿರಾಕಿ ತಾನಾಗಿ ಫೋನ್ ಇಡುವ ತನಕ ಲೈನು ಅವನದೇ, ಸುಮ್ಮನೆ ಕುಳಿತಿದ್ದರೂ ಸರಿ. ‘ಟ್ರಾನ್ಸಾಕ್ಷನ್’ ಎಂದರೆ ಒಂದು ವ್ಯವಹಾರ ಮುಗಿದೊಡನೆ ಲೈನು ಮುಂದಿನವರಿಗೆ. ನೂಕುನುಗ್ಗಲಿಗೆ ಎರಡನೆಯದೇ ಮದ್ದು. ಆದರೆ ಪಥ್ಯವುಂಟು. ‘ಆಗಲೇ ಹೇಳಿದೆನಲ್ಲ ಸಾರ್’ ಎಂದು ಗಿರಾಕಿ ಮಾತು ಮುಂದುವರಿಸುವ ಹೊತ್ತಿಗೆ ಆ ಕಡೆ ಬೇರೆ ತಜ್ಞರಿರಬಹುದು. ಮೊದಲೇ ಹೇಳಿಟ್ಟ ಸೂಚನೆಗಳನ್ನು ನಂಬಿ ಬರೆದ ತಂತ್ರಾಂಶ ಇಲ್ಲಿ ಎಡವುತ್ತದೆ. ಪರೀಕ್ಷಿಸದೆ ಈ ಪದ ಬದಲಿಸಬೇಡಿ.

ನಡೆಸುವುದು ಸುಲಭ. ಕಪ್ಪು ಪರದೆಯಲ್ಲಿ ಪಿಜಿಬೌನ್ಸರ್ ಎಂದು ಟೈಪು ಮಾಡಿ, ಮುಂದೆ ಕಡತದ ದಾರಿ ಕೊಡಿ. ತಪ್ಪಿದ್ದರೆ ಅಲ್ಲೇ ಹೇಳುತ್ತದೆ. ಸರಿಯೆನಿಸಿದ ಮೇಲೆ ನಡುವೆ ಅಡ್ಡಗೆರೆ ಮತ್ತು ‘ಡಿ’ ಸೇರಿಸಿದರೆ ಹಿನ್ನೆಲೆಗೆ ಸರಿದು ದುಡಿಯುತ್ತದೆ. ‘ರೂಟ್’ ಎಂಬ ಸರ್ವಾಧಿಕಾರಿಯ ಹೆಸರಿನಲ್ಲಿ ಇದು ಓಡುವುದಿಲ್ಲ. ಅದಕ್ಕೊಬ್ಬ ಸಾಮಾನ್ಯ ಬಳಕೆದಾರನನ್ನು ಮಾಡಿಕೊಡಬೇಕು.

ಬಳಿಕ 6432ರ ಮೂಲಕ ‘ಪಿಜಿಬೌನ್ಸರ್’ ಎಂಬ ಹೆಸರಿನ ದತ್ತಸಂಚಯಕ್ಕೇ ಸಂಪರ್ಕಿಸಿ ‘ಶೋ ಪೂಲ್ಸ್’ ಎನ್ನಿ. ಕಡೂರಿಗೊಂದು, ತರೀಕೆರೆಗೊಂದು, ಅಜ್ಜಂಪುರಕ್ಕೊಂದು ಸಾಲು ಕಾಣುತ್ತದೆ. ಅದರಲ್ಲಿ ಕಾಯುತ್ತಿರುವವರ ಸಂಖ್ಯೆ ಮತ್ತು ಮುಂದೆ ನಿಂತವರು ಎಷ್ಟು ಸೆಕೆಂಡಿನಿಂದ ಕಾಯುತ್ತಿದ್ದಾರೆ ಎಂಬ ಎರಡನ್ನು ನೋಡಿ. ಎರಡೂ ಏರುತ್ತಲೇ ಇದ್ದರೆ ಲೈನು ಹೆಚ್ಚಿಸಲು ಅವಸರಿಸಬೇಡಿ. ಯಾವುದೋ ಒಂದು ಪ್ರಶ್ನೆ ಒಳಗೆ ಕಾಲು ಚಾಚಿ ಮಲಗಿರಬಹುದು. ನಾವು ಬದಲಿಸದಿದ್ದರೆ 120 ಸೆಕೆಂಡು ಕಾದವರನ್ನು ಪ್ರಾಕ್ಸಿ ವಾಪಸು ಕಳಿಸುತ್ತದೆ. ಸರ್ವರಿಗೆ ರಿಪೇರಿ ಬೇಕಾದಾಗ ‘ಪಾಸ್’ ಎಂದರೆ ನಡೆಯುತ್ತಿರುವ ವ್ಯವಹಾರ ಮುಗಿಸಿ ಉಳಿದವರನ್ನು ಹಿಡಿದಿಟ್ಟುಕೊಳ್ಳುತ್ತದೆ, ‘ರೆಸ್ಯೂಮ್’ ಎಂದರೆ ಮತ್ತೆ ಬಿಡುತ್ತದೆ. ನಮ್ಮ ‘ಪುಟ್ಟ ವಿರಾಮ’ದ ಹಾಗೆ.

ಕೊನೆಯದಾಗಿ, ನಕಲು ಯಂತ್ರದ ವಿಚಾರ. ಭಾರ ಇಳಿಸಲು ಮೂಲ ದತ್ತಸಂಚಯದ ಒಂದು ಪ್ರತಿಯನ್ನು ಓದಲೆಂದೇ ಬೇರೆ ಯಂತ್ರದಲ್ಲಿ ಇಡುವುದುಂಟು. ‘ಡೇಟಾಬೇಸಸ್’ ಭಾಗದಲ್ಲಿ ಅದಕ್ಕೆ ಇನ್ನೊಂದು ಹೆಸರು ಕೊಟ್ಟು ಎರಡನೆಯ ಸಾಲು ಬರೆದರಾಯಿತು. ಆದರೆ ನಕಲು ಮೂಲಕ್ಕಿಂತ ತುಸು ಹಿಂದಿರುತ್ತದೆ, ಒಮ್ಮೊಮ್ಮೆ ಬಹಳ ಹಿಂದೆ. ಬೆಳಿಗ್ಗೆ ಖಾತೆ ಬದಲಾದ ಜಮೀನಿಗೆ ಮಧ್ಯಾಹ್ನ ಪಹಣಿ ಕೇಳಿದರೆ, ತೀರಿಕೊಂಡ ತಂದೆಯ ಹೆಸರೇ ಅಚ್ಚಾಗಿ ಬಂದೀತು. ಆ ಕಾಗದ ಹಿಡಿದು ಮಗ ಬ್ಯಾಂಕಿಗೆ ಹೋದರೆ ಸಾಲ ಹುಟ್ಟುವುದಿಲ್ಲ, ಸರ್ವರೂ ಪ್ರಾಕ್ಸಿಯೂ ಎರಡೂ ಸರಿಯಾಗಿಯೇ ಓಡುತ್ತಿರುತ್ತವೆ. ಆದ್ದರಿಂದ ಹೋಬಳಿವಾರು ಪಟ್ಟಿ, ಬೆಳೆವಾರು ಮೊತ್ತಗಳನ್ನು ನಕಲಿನ ಹೆಸರಿಗೆ ಕೇಳಿ. ಕೈಗೆ ಕೊಡುವ ಪಹಣಿಯನ್ನು ಮಾತ್ರ ಮೂಲದ ಹೆಸರಿಗೇ ಕೇಳುವಂತೆ ಬರೆದಿಡಿ, ಅರ್ಧ ಸೆಕೆಂಡು ತಡವಾದರೂ ಆಗಲಿ.