ಮುಂಗಾಲಿಯ ಮರ್ಮ

ಕೊಡಚಾದ್ರಿಯನ್ನು ಏರುವ ಜೀಪಿನಲ್ಲಿ ಒಮ್ಮೆ ಕುಳಿತವರು ಆ ಪ್ರಯಾಣವನ್ನು ಸುಲಭವಾಗಿ ಮರೆಯಲಾರರು. 1343 ಮೀಟರ್ ಎತ್ತರದ ಆ ಗಿರಿಯ ದಾರಿಯಲ್ಲಿ ಮಳೆನೀರು ಕೊರೆದ ಕೊರಕಲುಗಳು, ಕೆಮ್ಮಣ್ಣಿನಿಂದ ತಲೆಯೆತ್ತಿದ ಬಂಡೆಗಳು, ಒಂದರ ಹಿಂದೆ ಒಂದಾಗಿ ಬರುವ ಕಡಿದಾದ ತಿರುವುಗಳು. ಒಳಗೆ ಕುಳಿತವರು ಕೈಗೆ ಸಿಕ್ಕ ಕಂಬಿಯನ್ನು ಬಿಗಿಹಿಡಿದು ಮೂಕಾಂಬಿಕೆಯನ್ನು ನೆನೆಯುತ್ತಿದ್ದರೆ, ಚಾಲಕನ ಗಮನವೆಲ್ಲ ಮುಂದಿನ ಎರಡು ಗಾಲಿಗಳು ಎಲ್ಲಿ ಊರುತ್ತವೆಂಬುದರ ಮೇಲೆಯೇ ನೆಟ್ಟಿರುತ್ತದೆ. ಮುಂಗಾಲಿ ಸರಿಯಾಗಿ ಊರಿದರೆ ಉಳಿದದ್ದೆಲ್ಲ ಹಿಂಬಾಲಿಸುತ್ತದೆ ಎಂಬುದು ಅವನ ಅನುಭವದ ಪಾಠ.

ಇಂತಹ ದಾರಿಗಳ ಆಸೆಯಿಂದ ಇಂದು ಪಟ್ಟಣದ ಅನೇಕ ಸಂಸಾರಗಳು ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹರಿಯುವ ಎತ್ತರದ ವಾಹನಗಳನ್ನು ಕೊಳ್ಳುತ್ತಿವೆ. ಕೊಂಡ ಕೆಲವೇ ದಿನಗಳಲ್ಲಿ ಮನೆಯಲ್ಲಿ ಒಂದು ಚರ್ಚೆ ಏಳುವುದುಂಟು. “ಅಪ್ಪಾ, ಈ ಟೈರು ಸಣ್ಣದಾಯಿತು, ದೊಡ್ಡದು ಹಾಕಿಸೋಣ” ಎನ್ನುತ್ತಾನೆ ಕಾಲೇಜಿಗೆ ಹೋಗುವ ಮಗ. “ಇರುವುದಕ್ಕೆ ಏನಾಗಿದೆಯೋ?” ಎನ್ನುತ್ತಾರೆ ತಾಯಿ. ತಂದೆ ಬೆಲೆ ಕೇಳಿ ಸುಮ್ಮನಾಗುತ್ತಾರೆ. ಆದರೆ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ಆ ಟೈರನ್ನು ಹೊರಬೇಕಾದ ಮುಂಭಾಗದ ರಚನೆ ಯಾವ ಜಾತಿಯದು?

ಅಖಂಡ ಅಚ್ಚು

ಎತ್ತಿನ ಗಾಡಿಯನ್ನು ನೋಡಿದವರಿಗೆ ಮೊದಲನೆಯ ಜಾತಿಯನ್ನು ವಿವರಿಸುವುದು ಕಷ್ಟವಲ್ಲ. ಎರಡು ಗಾಲಿಗಳ ನಡುವೆ ಒಂದೇ ಅಚ್ಚು; ಒಂದು ಗಾಲಿ ಕಲ್ಲನ್ನೇರಿದರೆ ಅಚ್ಚು ಪೂರ್ತಿಯಾಗಿ ಓರೆಯಾಗುತ್ತದೆ. 1941ರಲ್ಲಿ ಯುದ್ಧಕ್ಕಾಗಿ ರೂಪುಗೊಂಡ ವಿಲ್ಲೀಸ್ ಜೀಪಿನ ಮುಂಭಾಗವೂ ಇದೇ ತತ್ತ್ವದ್ದು. ಅಖಂಡವಾದ ಅಚ್ಚನ್ನು ಪಟ್ಟೆ ಸ್ಪ್ರಿಂಗುಗಳು, ಎಂದರೆ ಲಾರಿಯವರು ಬ್ಲೇಡು ಎಂದು ಕರೆಯುವ ಉಕ್ಕಿನ ಪಟ್ಟಿಗಳು, ಚೌಕಟ್ಟಿಗೆ ಬಂಧಿಸುತ್ತಿದ್ದವು. ಭಾರವನ್ನು ಹೊರುವುದೂ ಅಚ್ಚು ಅತ್ತಿತ್ತ ಸರಿಯದಂತೆ ಹಿಡಿಯುವುದೂ ಆ ಪಟ್ಟಿಗಳದೇ ಕೆಲಸ. ರಚನೆ ಸರಳ, ದುರಸ್ತಿ ಸುಲಭ. ಆದರೆ ಪಟ್ಟಿಗಳು ಒಂದಕ್ಕೊಂದು ಉಜ್ಜುವುದರಿಂದ ಕುಲುಕಾಟ ಹೆಚ್ಚು.

ಈ ಕುಲುಕಾಟಕ್ಕೆ ಸುರುಳಿ ಸ್ಪ್ರಿಂಗು ಪರಿಹಾರವಾಯಿತು. 1970ರ ರೇಂಜ್ ರೋವರ್ ಅಖಂಡ ಅಚ್ಚನ್ನು ಉಳಿಸಿಕೊಂಡೇ ಹಿಂದೆ ಮುಂದೆ ಸುರುಳಿ ಸ್ಪ್ರಿಂಗುಗಳನ್ನು ಧರಿಸಿ ಬಂದಿತು. ಸುರುಳಿಯು ಭಾರವನ್ನು ಹೊರಬಲ್ಲುದೇ ಹೊರತು ಅಚ್ಚನ್ನು ನೆಲೆಯಲ್ಲಿ ನಿಲ್ಲಿಸಲಾರದು. ಆದ್ದರಿಂದ ಅದರೊಡನೆ ಉದ್ದನೆಯ ಉಕ್ಕಿನ ತೋಳುಗಳೂ, ಅಡ್ಡಕ್ಕೆ ಪನ್‌ಹಾರ್ಡ್ ಸರಳೂ ಬೇಕಾದವು. 2023ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಐದು ಬಾಗಿಲಿನ ಮಾರುತಿ ಜಿಮ್ನಿ ಇದೇ ವಂಶದ್ದು.

ಅಖಂಡ ಅಚ್ಚಿನ ಗುಣವೆಲ್ಲ ಕೊರಕಲಿನಲ್ಲಿ ತಿಳಿಯುತ್ತದೆ. ಒಂದು ಗಾಲಿ ಬಂಡೆಯ ಮೇಲೇರಿದಾಗ ಅಚ್ಚು ತಕ್ಕಡಿಯ ದಂಡದಂತೆ ವಾಲಿ, ಇನ್ನೊಂದು ಗಾಲಿಯನ್ನು ನೆಲಕ್ಕೆ ಒತ್ತುತ್ತದೆ. ಅಚ್ಚಿನ ನಡುವಿನ ಹಲ್ಲುಚಕ್ರಗಳ ಪೆಟ್ಟಿಗೆ, ಎಂದರೆ ಡಿಫರೆನ್ಷಿಯಲ್, ಗಾಲಿಗಳೊಡನೆಯೇ ಏರಿಳಿಯುವುದರಿಂದ, ಸ್ಪ್ರಿಂಗು ಎಷ್ಟು ಕುಗ್ಗಿದರೂ ಅದಕ್ಕೂ ಗಾಲಿಗಳು ನಿಂತ ಮಟ್ಟಕ್ಕೂ ಇರುವ ಅಂತರ ಕಡಮೆಯಾಗದು.

ಬಿಡಿ ತೋಳುಗಳು

ಎರಡನೆಯ ಜಾತಿಯಲ್ಲಿ ಎರಡು ಗಾಲಿಗಳನ್ನು ಬೆಸೆಯುವ ಅಚ್ಚೇ ಇಲ್ಲ. ಪ್ರತಿಯೊಂದು ಗಾಲಿಯನ್ನೂ ಮೇಲೊಂದು ಕೆಳಗೊಂದು ಕವೆಯಾಕಾರದ ತೋಳು ಹಿಡಿದಿರುತ್ತದೆ. ಡಬಲ್ ವಿಷ್‌ಬೋನ್ ಎಂಬುದು ಇದರ ಹೆಸರು. ಬಲಗಾಲಿ ಗುಂಡಿಗೆ ಬಿದ್ದರೆ ಎಡಗಾಲಿಗೆ ಅದರ ಗೊಡವೆಯಿಲ್ಲ. ಡಿಫರೆನ್ಷಿಯಲ್ ಚೌಕಟ್ಟಿಗೆ ಬಿಗಿದಿರುವುದರಿಂದ ಗಾಲಿಯೊಡನೆ ಕುಣಿಯುವ ಭಾರ ಕಡಮೆ. ಹೀಗಾಗಿ ಹೆದ್ದಾರಿಯ ವೇಗದಲ್ಲಿ ಸ್ಟಿಯರಿಂಗು ಹೇಳಿದಂತೆ ಕೇಳುತ್ತದೆ. ಹಿಂದಿನ ಆಸನದಲ್ಲಿ ಕುಳಿತ ಅಜ್ಜಿಯ ಸೊಂಟವೂ ನೆಮ್ಮದಿಯಾಗಿರುತ್ತದೆ.

ಮಹೀಂದ್ರಾದವರ ಥಾರ್ ಇದಕ್ಕೆ ಒಳ್ಳೆಯ ನಿದರ್ಶನ. 2010ರ ಥಾರ್ ಮುಂಭಾಗದಲ್ಲಿ ಬಿಡಿ ತೋಳುಗಳನ್ನೂ, ತಿರುಚಿಕೊಂಡು ಭಾರ ತಾಳುವ ಟಾರ್ಷನ್ ಬಾರ್ ಎಂಬ ಉಕ್ಕಿನ ಸರಳನ್ನೂ ಪಡೆದಿತ್ತು. ಹಿಂಭಾಗದಲ್ಲಿ ಹಳೆಯ ಪಟ್ಟೆ ಸ್ಪ್ರಿಂಗುಗಳೇ ಇದ್ದವು. 2020ರ ಥಾರ್ ಮುಂದೆ ಸುರುಳಿ ಸ್ಪ್ರಿಂಗಿನ ಡಬಲ್ ವಿಷ್‌ಬೋನನ್ನೂ, ಹಿಂದೆ ಸುರುಳಿ ಸ್ಪ್ರಿಂಗಿನ ಅಖಂಡ ಅಚ್ಚನ್ನೂ ಹೊಂದಿತು. 1979ರಿಂದ ಅಖಂಡ ಅಚ್ಚನ್ನೇ ನಂಬಿದ್ದ ಮರ್ಸಿಡಿಸ್ ಜಿ-ಕ್ಲಾಸ್ ಕೂಡ 2018ರಲ್ಲಿ ಮುಂದಿನ ಅಚ್ಚನ್ನು ತ್ಯಜಿಸಿತು. ಅದೇ ವರ್ಷದ ಹೊಸ ಜೀಪ್ ರ‍್ಯಾಂಗ್ಲರ್ ಮಾತ್ರ ಪೂರ್ವಜರ ಅಚ್ಚನ್ನು ಬಿಡಲಿಲ್ಲ. ಎರಡೂ ಪಕ್ಷಗಳು ಇಂದಿಗೂ ಉಳಿದಿರುವುದಕ್ಕೆ ಕಾರಣ ಹಟವಲ್ಲ. ಬಂಡೆಗಳ ಮೇಲೆ ನಿಧಾನವಾಗಿ ತೆವಳುವವನಿಗೆ ಅಚ್ಚು ಹಿತ. ಬೆಂಗಳೂರಿನಿಂದ ಮಲೆನಾಡಿನವರೆಗೆ ನೂರಾರು ಕಿಲೋಮೀಟರ್ ಓಡಿ, ಕೊನೆಯ ಕೆಲವು ಕಿಲೋಮೀಟರ್ ಮಾತ್ರ ಮಣ್ಣುದಾರಿ ಹಿಡಿಯುವ ಸಂಸಾರಕ್ಕೆ ಬಿಡಿ ತೋಳು ಹಿತ.

ಟೈರಿನ ಲೆಕ್ಕ

ಈಗ ಮಗನ ಬೇಡಿಕೆಗೆ ಬರೋಣ. ಜಿಮ್ನಿಯ ಟೈರಿನ ಮೇಲೆ 195/80 ಆರ್ 15 ಎಂಬ ಅಂಕಿಗಳಿವೆ. ಅಗಲ 195 ಮಿಲಿಮೀಟರ್. ಪಕ್ಕದ ಗೋಡೆಯ ಎತ್ತರ ಅದರ ಶೇಕಡ 80, ಅಂದರೆ 156 ಮಿಲಿಮೀಟರ್. ಒಳಗಿನ ರಿಮ್ಮಿನ ವ್ಯಾಸ 15 ಅಂಗುಲ. ಒಟ್ಟು ವ್ಯಾಸ ಸುಮಾರು 693 ಮಿಲಿಮೀಟರ್. ಇದರ ಬದಲು 235/75 ಆರ್ 15 ಹಾಕಿಸಿದರೆ ವ್ಯಾಸ ಸುಮಾರು 733 ಆಗುತ್ತದೆ. ಹೆಚ್ಚಿದ 40ರಲ್ಲಿ ಅರ್ಧ ಮಾತ್ರ ಅಚ್ಚಿನ ಕೆಳಗೆ ಲಾಭ: 20 ಮಿಲಿಮೀಟರ್, ಎಂದರೆ ಕಿರುಬೆರಳ ಅಗಲಕ್ಕಿಂತ ತುಸು ಹೆಚ್ಚು.

ಆ ಲಾಭವೂ ಸುಳ್ಳಲ್ಲ. ಅಖಂಡ ಅಚ್ಚಿನ ವಾಹನದಲ್ಲಿ ಸ್ಪ್ರಿಂಗನ್ನು ಎತ್ತರಿಸಿದರೆ ಮೇಲಿನ ಮೈ ಏರುವುದೇ ಹೊರತು ಡಿಫರೆನ್ಷಿಯಲ್ ಏರದು; ಅದನ್ನು ಏರಿಸಬಲ್ಲದ್ದು ಟೈರೊಂದೇ. ಆದರೆ ಅದಕ್ಕೆ ತೆರಬೇಕಾದ ಬೆಲೆ ಅಂಗಡಿಯ ಚೀಟಿಯಲ್ಲಿ ಕಾಣುವುದಿಲ್ಲ. ಒಂದು ಸುತ್ತಿಗೆ ಗಾಲಿ ಶೇಕಡ 5.8ರಷ್ಟು ಹೆಚ್ಚು ದೂರ ಉರುಳುವುದರಿಂದ, ಮೊದಲು ಸರಿಯಾಗಿದ್ದ ಮೀಟರು 80 ತೋರಿಸುವಾಗ ವಾಹನ ಸುಮಾರು 85ರಲ್ಲಿ ಓಡುತ್ತಿರುತ್ತದೆ. ಏರುದಾರಿಯಲ್ಲಿ ಎಂಜಿನ್ನಿನ ಎಳೆತ ಅಷ್ಟೇ ಪ್ರಮಾಣದಲ್ಲಿ ಕುಂದುತ್ತದೆ. ಭಾರವಾದ ಗಾಲಿಯನ್ನು ನಿಲ್ಲಿಸಲು ಅದೇ ಹಳೆಯ ಬ್ರೇಕು ಹೆಚ್ಚು ಶ್ರಮಿಸಬೇಕು. ಹೊಸ ಟೈರು ಆಕರ್ಷಕವಾಗಿ ಕಂಡದ್ದು ಮನೆಯ ಮುಂದೆ. ಅದರ ಪರೀಕ್ಷೆ ನಡೆಯುವುದು ಘಾಟಿಯ ಇಳಿಜಾರಿನಲ್ಲಿ.

ಉಜ್ಜುವ ಅಪಾಯ

ಅಗಲವಾದ ಟೈರು ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಅಖಂಡ ಅಚ್ಚಿನ ವಾಹನದಲ್ಲಿ ಪಟ್ಟೆ ಸ್ಪ್ರಿಂಗಿಗೋ ಉದ್ದನೆಯ ತೋಳಿಗೋ ತಾಗಬಹುದು. ಬಿಡಿ ತೋಳಿನ ವಾಹನದಲ್ಲಿ ಮೇಲಿನ ಕವೆಗೋ ಚೌಕಟ್ಟಿಗೋ ತಾಗಬಹುದು. ಮಟ್ಟಸವಾದ ನೆಲದ ಮೇಲೆ ನಿಂತಿರುವಾಗ ಇದು ತಿಳಿಯದು. ಒಂದು ಮುಂಗಾಲಿಯನ್ನು ದಿಮ್ಮಿಯ ಮೇಲೇರಿಸಿ, ಸ್ಟಿಯರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ ನೋಡಿದರೆ ಗುಟ್ಟು ಹೊರಬೀಳುತ್ತದೆ.

ತಾಗದಂತೆ ಮಾಡಲು ಗಾಲಿಯನ್ನು ಹೊರಚಾಚುವ ರಿಮ್ಮು ಹಾಕಿದರೆ ಬೇರಿಂಗುಗಳ ಮೇಲಿನ ಹೊರೆ ಹೆಚ್ಚಿ, ಪ್ರತಿ ಗುಂಡಿಯ ಪೆಟ್ಟೂ ಸ್ಟಿಯರಿಂಗಿಗೆ ಹೊಡೆಯುತ್ತದೆ. ವಾಹನವನ್ನೇ ಎತ್ತರಿಸಿದರೆ, ಸುರುಳಿ ಸ್ಪ್ರಿಂಗಿನ ಅಖಂಡ ಅಚ್ಚನ್ನು ಪನ್‌ಹಾರ್ಡ್ ಸರಳು ಒಂದು ಪಕ್ಕಕ್ಕೆ ಎಳೆಯುತ್ತದೆ. ಗಾಲಿಗಳ ಕೋನ ಕೆಟ್ಟು ವಾಹನ ನೇರದಾರಿಯಲ್ಲೂ ತಡವರಿಸುತ್ತದೆ. ಬಿಡಿ ತೋಳಿನಲ್ಲಾದರೆ ಗಾಲಿಗೆ ಬಲ ಒಯ್ಯುವ ದಂಡದ ಕೀಲುಗಳು ಅತಿಯಾಗಿ ಬಾಗಿ, ಅವುಗಳ ರಬ್ಬರಿನ ಹೊದಿಕೆ ಹರಿದು, ಒಳಗೆ ಕೆಸರು ಸೇರುತ್ತದೆ. ಜೊತೆಗೆ, ನೋಂದಣಿ ಪತ್ರದ ವಿವರಗಳು ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಿಧಿಸುತ್ತದೆ.

ಇನ್ನೊಂದು ಮಾತು. ಜಿಮ್ನಿ, ಥಾರ್‌ಗಳಂತಹ ವಾಹನಗಳಲ್ಲಿ ನಾಲ್ಕು ಚಕ್ರದ ಬಲವನ್ನು ಹೂಡಿದೊಡನೆ ಮುಂದಿನ ಮತ್ತು ಹಿಂದಿನ ದಂಡಗಳು ಒಂದೇ ವೇಗದಲ್ಲಿ ತಿರುಗತೊಡಗುತ್ತವೆ. ಮುಂದೆ ಒಂದು ಅಳತೆ, ಹಿಂದೆ ಇನ್ನೊಂದು ಅಳತೆಯ ಟೈರು ಇದ್ದರೆ ಹಲ್ಲುಚಕ್ರಗಳು ಪರಸ್ಪರ ಕಾದಾಡಿ ಸವೆಯುತ್ತವೆ. ಬದಲಾಯಿಸುವುದಾದರೆ ನಾಲ್ಕನ್ನೂ, ಸ್ಟೆಪ್ನಿಯನ್ನೂ ಸೇರಿಸಿ ಬದಲಾಯಿಸಬೇಕು.

ಹಾಗಾದರೆ ಮಗನ ಆಸೆಗೆ ದಾರಿಯೇ ಇಲ್ಲವೆ? ಉಂಟು. ತಯಾರಕರು ಹೇಳಿದ ಅಳತೆಯಲ್ಲಿಯೇ ಆಳವಾದ ಕಚ್ಚುಗಳುಳ್ಳ, ಮಣ್ಣಿಗೂ ಡಾಂಬರಿಗೂ ಒಗ್ಗುವ ಟೈರು ದೊರೆಯುತ್ತದೆ. ಮರಳಿನಲ್ಲಿ ಗಾಳಿಯನ್ನು ತುಸು ಇಳಿಸಿದರೆ ಟೈರು ಅಗಲವಾಗಿ ಊರಿ ಹೂತುಹೋಗದು. ಡಾಂಬರಿಗೆ ಮರಳಿದೊಡನೆ ಗಾಳಿಯನ್ನು ಮೊದಲಿನಂತೆ ತುಂಬಿಸಬೇಕು, ಇಲ್ಲದಿದ್ದರೆ ವೇಗದಲ್ಲಿ ಟೈರು ಕಾದು ಒಡೆದೀತು.

ಕೊಡಚಾದ್ರಿಯ ಹಳೆಯ ಜೀಪುಗಳ ಗಾಲಿಗಳನ್ನು ನೋಡಿದರೆ ಅವು ಅಂತಹ ಭಾರಿ ಗಾತ್ರದವೇನೂ ಅಲ್ಲ. ಬೆಟ್ಟವನ್ನು ಏರಿಸುವುದು ಟೈರಿನ ಗಾತ್ರವಲ್ಲ. ಟೈರು, ಅಚ್ಚು, ಸ್ಪ್ರಿಂಗುಗಳ ನಡುವಿನ ಹೊಂದಾಣಿಕೆ, ಮತ್ತು ಆ ಹೊಂದಾಣಿಕೆಯ ಮಿತಿಯನ್ನು ಅರಿತ ಚಾಲಕನ ಕೈ.