ಮೀಟರಿಗೆ ಸಿಗದ ದೂರ

ಹಳೆಯ ವಾಹನವೊಂದನ್ನು ಮಾರುವುದು ಲೇಖನ ಬರೆಯುವಷ್ಟು ದೊಡ್ಡ ಸಂಗತಿಯಲ್ಲ. ಆದರೂ 2024ರಲ್ಲಿ ನನ್ನ ಜಿಪ್ಸಿಯನ್ನು ಮಾರಲು ಹೊರಟಾಗ, ಮೂರೂವರೆ ದಶಕಗಳ ಸರ್ಕಾರಿ ಸೇವೆಯಲ್ಲಿ ನಾನು ಎದುರಿಸದೇ ಉಳಿದಿದ್ದ ಪ್ರಶ್ನೆಯೊಂದು ಎದುರಾಯಿತು. ಕಾನೂನಿಗೆ ಹೊಂದದ ವಸ್ತುವನ್ನು ಸ್ವತಃ ಸೃಷ್ಟಿಸಿ, ಹಲವು ವರ್ಷ ಸಂತೋಷದಿಂದ ಬಳಸಿ, ಕೊನೆಗೆ ಅದನ್ನು ಮತ್ತೊಬ್ಬರ ಹೆಸರಿಗೆ ವರ್ಗಾಯಿಸುವವನ ಹೊಣೆ ಎಷ್ಟು ಎಂಬುದೇ ಆ ಪ್ರಶ್ನೆ.

1985ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಜಿಪ್ಸಿ ಹಗುರವಾದ, ನಾಲ್ಕೂ ಚಕ್ರಗಳಿಗೆ ಬಲ ಹರಿಸಬಲ್ಲ ಪೆಟ್ರೋಲ್ ವಾಹನ. ಸೈನ್ಯ, ಪೊಲೀಸ್ ಮತ್ತು ಅರಣ್ಯ ಇಲಾಖೆಗಳು ಅದನ್ನು ಮೆಚ್ಚಿ ಬಳಸಿದವು. 2019ರಲ್ಲಿ ಸಾಮಾನ್ಯ ಗ್ರಾಹಕರಿಗೆ ಅದರ ಮಾರಾಟ ನಿಂತಿತು. ನಾನು ಅದನ್ನು ಕೊಂಡದ್ದು 2008ರಲ್ಲಿ. ಹತ್ತು ವರ್ಷ ಅದು ಸಭ್ಯ ಗೃಹಸ್ಥನಂತೆ ಮನೆ, ಕಚೇರಿ ಮತ್ತು ಹಾಸನದ ಕಡೆಯ ನೆಂಟರ ಊರುಗಳ ನಡುವೆ ಓಡಾಡಿಕೊಂಡಿತ್ತು. 2018ರಲ್ಲಿ ನಿವೃತ್ತನಾದ ಮೇಲೆ, ದೇಶವನ್ನು ನೆಲದ ಮಟ್ಟದಿಂದ ನೋಡಬೇಕೆಂಬ ಬಹುಕಾಲದ ಆಸೆ ಹೊರಬಂತು. ಪಿಂಚಣಿಯ ಜೊತೆಗೆ ಬಂದ ಇಡಿಗಂಟಿನ ಒಂದು ಭಾಗ ಗ್ಯಾರೇಜಿನ ಪಾಲಾಯಿತು.

ಮುಂದೆ ಉಕ್ಕಿನ ದಪ್ಪ ಬಂಪರ್, ಅದರೊಳಗೆ ಕೆಸರಿನಿಂದ ವಾಹನವನ್ನು ಎಳೆದುಕೊಳ್ಳುವ ವಿದ್ಯುತ್ ವಿಂಚ್, ಎತ್ತರಿಸಿದ ಲೀಫ್ ಸ್ಪ್ರಿಂಗ್‌ಗಳು, ಅಗಲವಾದ ಟೈರುಗಳು, ಛಾವಣಿಯ ಮೇಲೆ ಮಡಚುವ ಗುಡಾರ, ಎರಡನೆಯ ಬ್ಯಾಟರಿ. ಹಿಂಬದಿಯ ಎದುರುಬದುರು ಬೆಂಚುಗಳನ್ನು ಕಿತ್ತು ಪ್ಲೈವುಡ್ ಮಂಚ, ಅದರಡಿ ಸ್ಟೌ ಮತ್ತು ಪಾತ್ರೆಗಳ ಡ್ರಾಯರುಗಳು, ಪಕ್ಕದಲ್ಲಿ ನಲವತ್ತು ಲೀಟರಿನ ನೀರಿನ ತೊಟ್ಟಿ. ಒಟ್ಟು ಖರ್ಚು 3,85,000 ರೂಪಾಯಿ. 2019ರಲ್ಲಿ ಲಡಾಖ್, 2022ರಲ್ಲಿ ಸ್ಪಿತಿ ಕಣಿವೆ. ನಡುವೆ ಪಶ್ಚಿಮ ಘಟ್ಟದ ಉದ್ದಕ್ಕೂ ಸಣ್ಣಪುಟ್ಟ ಪ್ರಯಾಣಗಳು. ಅನಂತರ ಮಂಡಿಗಳು ತಕರಾರು ತೆಗೆದವು. ಏಣಿ ಹತ್ತಿ ಗುಡಾರ ಸೇರುವುದು ಆಗದೆಂದು ವೈದ್ಯರು ಹೇಳುವ ಮೊದಲೇ ನನಗೆ ತಿಳಿದಿತ್ತು.

ಬೆಲೆ ಕಟ್ಟಲು ಕುಳಿತಾಗ ಓದಿದ ಅರ್ಥಶಾಸ್ತ್ರ ನೆನಪಾಯಿತು. ವಾಹನದ ಬೆಲೆಗೆ ಮಾರ್ಪಾಡಿನ ಖರ್ಚಿನ ಅರ್ಧವನ್ನಾದರೂ ಸೇರಿಸಬೇಕೆಂದು ನನ್ನ ಲೆಕ್ಕ. ಹಳೆಯ ವಾಹನಗಳ ದಲ್ಲಾಳಿಯೊಬ್ಬರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, 'ಸರ್, ಜನ ಗಾಡಿಗೆ ದುಡ್ಡು ಕೊಡ್ತಾರೆ. ನಿಮ್ಮ ಟೂರಿಗೆ ಕೊಡಲ್ಲ' ಎಂದರು. ಆಲಿವರ್ ವಿಲಿಯಮ್ಸನ್‌ರಿಗೆ 2009ರಲ್ಲಿ ನೊಬೆಲ್ ಬರಲು ಕಾರಣವಾದ ಚಿಂತನೆಯ ಒಂದು ಮುಖ್ಯ ಎಳೆ ಈ ಮಾತಿನಲ್ಲಿತ್ತು. ಒಂದು ನಿರ್ದಿಷ್ಟ ಉಪಯೋಗಕ್ಕಾಗಿ ಹೂಡಿದ ಬಂಡವಾಳ ಆ ಉಪಯೋಗದ ಹೊರಗೆ ಬಹುಪಾಲು ಮೌಲ್ಯ ಕಳೆದುಕೊಳ್ಳುತ್ತದೆ. ನನ್ನ ಎತ್ತರಕ್ಕೆ ಅಳೆದು ಮಾಡಿಸಿದ ಮಂಚ ಮತ್ತೊಬ್ಬರಿಗೆ ಕಿತ್ತುಹಾಕಬೇಕಾದ ಹಲಗೆ ಮಾತ್ರ.

ನಮ್ಮದೆಂಬ ಕಾರಣಕ್ಕೇ ವಸ್ತುವಿಗೆ ಹೆಚ್ಚು ಬೆಲೆ ಕಟ್ಟುವ ಪ್ರವೃತ್ತಿಯನ್ನು ರಿಚರ್ಡ್ ಥೇಲರ್ 1980ರಲ್ಲಿ ಗುರುತಿಸಿ ಹೆಸರಿಟ್ಟರು. ಅವರು ಕಾನೆಮನ್ ಮತ್ತು ನೆಚ್‌ರೊಂದಿಗೆ ಸೇರಿ 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೈಗೆ ಕಾಫಿ ಮಗ್ ಪಡೆದವರು ಅದಕ್ಕೆ ಹೇಳಿದ ಬೆಲೆ, ಕೊಳ್ಳುವವರು ಕೊಡಲು ಸಿದ್ಧರಿದ್ದ ಬೆಲೆಯ ಸುಮಾರು ಎರಡರಷ್ಟಿತ್ತು. ಮಗ್ಗಿನ ವಿಷಯದಲ್ಲೇ ಹೀಗಾದರೆ, ಹದಿನೈದು ಸಾವಿರ ಅಡಿ ಎತ್ತರದಲ್ಲಿ ರಾತ್ರಿ ಮಲಗಿದ್ದ ವಾಹನದ ವಿಷಯದಲ್ಲಿ ನನ್ನ ಲೆಕ್ಕ ತಪ್ಪಿದ್ದರಲ್ಲಿ ಅಚ್ಚರಿಯಿಲ್ಲ.

ಪ್ರಯಾಣವೇ ವಾಹನದ ಮೌಲ್ಯವಾಗುವ ಸಂದರ್ಭವೂ ಇಲ್ಲದಿಲ್ಲ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಆರು ಯುವಕರು 1955–56ರಲ್ಲಿ ಎರಡು ಲ್ಯಾಂಡ್ ರೋವರ್‌ಗಳಲ್ಲಿ ಲಂಡನ್ನಿನಿಂದ ಸಿಂಗಪುರದವರೆಗೆ ನೆಲದ ಮಾರ್ಗವಾಗಿಯೇ ಸಾಗಿದರು. ಅಸ್ಸಾಮಿನ ಲೇಡೊ ಕಡೆಯಿಂದ ಅವರು ಬರ್ಮಾ ಪ್ರವೇಶಿಸಿದರು. 'ಆಕ್ಸ್‌ಫರ್ಡ್' ಎಂಬ ಹೆಸರಿನ ವಾಹನ ಬಹುಕಾಲದ ನಂತರ ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪದಲ್ಲಿ ಜೀರ್ಣಾವಸ್ಥೆಯಲ್ಲಿ ಸಿಕ್ಕಿ, ದುರಸ್ತಿಗೊಂಡು, 2019ರಲ್ಲಿ ಸಿಂಗಪುರದಿಂದ ಲಂಡನ್ನಿಗೆ ಮರುಪ್ರಯಾಣ ಮಾಡಿತು. ಅದರ ಚರಿತ್ರೆ ಜಗತ್ತಿಗೆ ಗೊತ್ತು. ನನ್ನ ಜಿಪ್ಸಿಯ ಚರಿತ್ರೆ ಗೊತ್ತಿದ್ದದ್ದು ನನಗೆ ಮತ್ತು ನನ್ನ ಮೇಸ್ತ್ರಿಗೆ. ತೊಡಕು ಇದ್ದದ್ದೇ ಅಲ್ಲಿ.

ಮಾರುವವನಿಗೆ ತಿಳಿದಿದ್ದು, ಕೊಳ್ಳುವವನಿಗೆ ತಿಳಿಯದಿರುವ ಈ ಅಸಮಾನತೆಯ ಕುರಿತು ಜಾರ್ಜ್ ಅಕೆರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡಿತ್ತು. ಪ್ರಕಟವಾಗುವ ಮೊದಲು ಅದನ್ನು ಮೂರು ನಿಯತಕಾಲಿಕೆಗಳು ತಿರಸ್ಕರಿಸಿದ್ದವು. 2001ರಲ್ಲಿ ಅಕೆರ್ಲಾಫ್‌ರಿಗೆ ನೊಬೆಲ್ ಬಂತು. ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ ಅವನು ಎಲ್ಲಕ್ಕೂ ಸರಾಸರಿ ಬೆಲೆಯನ್ನಷ್ಟೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಮಾಲೀಕ ಮಾರಲೊಪ್ಪುವುದಿಲ್ಲ. ಕ್ರಮೇಣ ಮಾರುಕಟ್ಟೆಯಲ್ಲಿ ಕೆಟ್ಟವೇ ಉಳಿಯುತ್ತವೆ. ಮಾರ್ಪಡಿಸಿದ ವಾಹನಕ್ಕೆ ಈ ತರ್ಕ ಇನ್ನೂ ಕಟುವಾಗಿ ಅನ್ವಯಿಸುತ್ತದೆ. ಕಾರ್ಖಾನೆಯ ವಾಹನಕ್ಕೆ ಹೋಲಿಕೆಗೆ ಸಿಗುವ ಸಾವಿರಾರು ಸಹೋದರರಿದ್ದಾರೆ. ಗ್ಯಾರೇಜಿನಲ್ಲಿ ಹುಟ್ಟಿದ್ದು ಒಂಟಿ.

ನನ್ನ ಬಳಿ ಮುಚ್ಚಿಡಬಹುದಾದ ಮೂರು ಸಂಗತಿಗಳಿದ್ದವು. ಮೊದಲನೆಯದು ಮೀಟರು. ಮೂಲ ಟೈರಿನ ಅಳತೆ 205/70, ಹದಿನೈದು ಇಂಚಿನ ಚಕ್ರ. ನಾನು ಹಾಕಿಸಿದ್ದು 235/75. ವ್ಯಾಸದಲ್ಲಿ ಸುಮಾರು ಶೇ 10ರಷ್ಟು ಹೆಚ್ಚಳ. ಚಕ್ರ ದೊಡ್ಡದಾದಷ್ಟೂ ಒಂದು ಸುತ್ತಿಗೆ ವಾಹನ ಹೆಚ್ಚು ದೂರ ಸಾಗುತ್ತದೆ, ಮೀಟರು ಮಾತ್ರ ಹಳೆಯ ಲೆಕ್ಕವನ್ನೇ ಬರೆಯುತ್ತದೆ. ಮಾರ್ಪಾಡಿನ ದಿನ ಅದು 52,000 ಕಿ.ಮೀ. ತೋರಿಸುತ್ತಿತ್ತು, ಮಾರುವಾಗ 79,000. ಈ 27,000ದ ನಡುವೆ ಇನ್ನೂ ಸುಮಾರು 2,600 ಕಿ.ಮೀ. ಅಡಗಿತ್ತು. ಬೆಂಗಳೂರಿನಿಂದ ದೆಹಲಿಗಿಂತ ಹೆಚ್ಚಿನ ದೂರವದು.

ಎರಡನೆಯದು ಬೆಸುಗೆ. ಸ್ಪಿತಿಯ ದಾರಿಯಲ್ಲಿ ಹಿಂದಿನ ಸ್ಪ್ರಿಂಗನ್ನು ಚಾಸಿಗೆ ಹಿಡಿದಿಡುವ ಬ್ರ್ಯಾಕೆಟ್ ಬಿರುಕು ಬಿಟ್ಟಿತು. ಕಾಜಾದಲ್ಲಿ ಒಬ್ಬ ಮೇಸ್ತ್ರಿ ವೆಲ್ಡಿಂಗ್ ಮಾಡಿ, ಮೇಲೆ ಕಪ್ಪು ಬಣ್ಣ ಬಳಿದುಕೊಟ್ಟ. ಬಗ್ಗಿ ನೋಡಿದವರಿಗೂ ಕಾಣದು.

ಮೂರನೆಯದೇ ನನ್ನ ನಿದ್ದೆಗೆಡಿಸಿದ್ದು. ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಕಲಂ, 2000ದ ತಿದ್ದುಪಡಿಯ ನಂತರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸಬಾರದೆನ್ನುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ಮುಂಭಾಗದ ಉಕ್ಕಿನ ರಕ್ಷಾಕವಚಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಕಾರಣ ಸರಳ: ಆ ಕಬ್ಬಿಣ ಒಳಗಿರುವವನಿಗೆ ಧೈರ್ಯ ಕೊಡುತ್ತದೆ, ಎದುರಿಗೆ ಸಿಕ್ಕ ಪಾದಚಾರಿಯ ಮೂಳೆ ಮುರಿಯುತ್ತದೆ.

ಇವೆಲ್ಲವನ್ನೂ ನಾನು ಪತ್ರಿಕೆಯಲ್ಲಿ ಓದಿದ್ದೆ. ಓದಿ ಪುಟ ತಿರುಗಿಸಿದ್ದೆ. 2023ರಲ್ಲಿ ಹದಿನೈದು ವರ್ಷ ತುಂಬಿ ನೋಂದಣಿ ನವೀಕರಣಕ್ಕೆ ತಪಾಸಣೆ ಬಂದಾಗ, ಎರಡು ದಿನ ಮುಂಚೆ ಬಂಪರ್, ವಿಂಚ್, ಗುಡಾರ, ಟೈರುಗಳನ್ನು ಬಿಚ್ಚಿಸಿ ಮೂಲ ಭಾಗಗಳನ್ನು ಹಾಕಿಸಿದೆ. ಬೆಂಚುಗಳೂ ತಾತ್ಕಾಲಿಕವಾಗಿ ಸ್ವಸ್ಥಾನಕ್ಕೆ ಮರಳಿದವು. ಪ್ರಮಾಣಪತ್ರ ಕೈಸೇರಿದ ವಾರದಲ್ಲೇ ಎಲ್ಲವೂ ಮತ್ತೆ ಏರಿದವು. ಸೇವೆಯಲ್ಲಿದ್ದಾಗ ಬೇರೆಯವರು ತಪಾಸಣೆಯ ದಿನಕ್ಕಾಗಿ ಮಾಡುತ್ತಿದ್ದ ಇಂಥ ಸಿಂಗಾರದ ಬಗ್ಗೆ ಎಷ್ಟೋ ಕಡತಗಳಲ್ಲಿ ಕಟುವಾಗಿ ಟಿಪ್ಪಣಿ ಬರೆದವನು ನಾನು. ಅಂದು ನನ್ನ ಕಡತಕ್ಕೆ ಟಿಪ್ಪಣಿ ಬರೆಯುವವರು ಇರಲಿಲ್ಲ.

ನನ್ನ ಕೈಯಲ್ಲಿರುವವರೆಗೆ ಅಪಾಯದ ಅರಿವು ನನಗಿತ್ತು. ಛಾವಣಿಯ ಮೇಲೆ ಭಾರ ಹೊತ್ತ, ಎತ್ತರಿಸಿದ ವಾಹನದ ಗುರುತ್ವ ಕೇಂದ್ರ ಮೇಲೇರುತ್ತದೆ, ಘಟ್ಟದ ತಿರುವಿನಲ್ಲಿ ಅದು ವಾಲುವ ಸಂಭವ ಹೆಚ್ಚು. ದೊಡ್ಡ ಚಕ್ರಗಳಿಗೆ ಮೂಲ ಬ್ರೇಕು ಸಾಲದು. ನಾನು ನಿಧಾನವಾಗಿ ಓಡಿಸುತ್ತಿದ್ದೆ. ಮಾರಿದ ಮೇಲೆ ಅದನ್ನು ಓಡಿಸುವವರಿಗೆ, ಒಳಗೆ ಕೂರುವ ಅವರ ಮಕ್ಕಳಿಗೆ, ಈ ಎಚ್ಚರ ವಾಹನದ ಜೊತೆಗೆ ವರ್ಗಾವಣೆಯಾಗುವುದಿಲ್ಲ. ಅಪಘಾತವಾದರೆ, ತಿಳಿಸದೆ ಮಾಡಿದ ಮಾರ್ಪಾಡನ್ನು ಮುಂದಿಟ್ಟು ವಿಮಾ ಸಂಸ್ಥೆ ತಕರಾರು ಎತ್ತಬಹುದು.

ದಲ್ಲಾಳಿಯ ಸಲಹೆ ಸ್ಪಷ್ಟವಿತ್ತು. 'ಹೀಗೇ ಕೊಡಿ ಸರ್, ನೋಡೋಕೆ ಜೋರಾಗಿದೆ. ಮೂರೂವರೆ ಲಕ್ಷಕ್ಕೆ ಗಿರಾಕಿ ತರ್ತೀನಿ. ವೆಲ್ಡಿಂಗ್ ವಿಷಯ ಮಾತ್ರ ಬಾಯಿ ಬಿಡಬೇಡಿ.' ಎರಡು ರಾತ್ರಿ ಯೋಚಿಸಿದೆ. ಬೇಡವೆಂದೆ.

ಬಂಪರ್, ಮಂಚ, ಸ್ಪ್ರಿಂಗು, ಟೈರು ಎಲ್ಲವೂ ಇಳಿದವು. ಮೂಲ ಭಾಗಗಳು ಈ ಸಲ ಶಾಶ್ವತವಾಗಿ ಮರಳಿದವು. ಬಂಪರನ್ನು ಯಾರಿಗೂ ಮಾರದೆ ಗುಜರಿಗೆ ಹಾಕಿದೆ. ತೂಕದ ಬೆಲೆಗೆ ಹೋದ ಅದಕ್ಕೆ ನಾನು ಕೊಟ್ಟಿದ್ದ ಹಣ ನೆನೆದು ಮಡದಿ ನಕ್ಕಳು. ಗುಡಾರವನ್ನು ಪರಿಚಯದ ಹುಡುಗರು ನೆಲದ ಮೇಲೆ ಹಾಕಿಕೊಳ್ಳುತ್ತೇವೆಂದು ಒಯ್ದರು. ಬಳಿಕ ಎರಡು ಪುಟದ ಟಿಪ್ಪಣಿ ಬರೆದೆ: ಏನು ಹಾಕಿಸಿದ್ದೆ, ಏನು ತೆಗೆದೆ, ಬೆಸುಗೆ ಎಲ್ಲಿದೆ, ಮೀಟರಿನ ವ್ಯತ್ಯಾಸ ಎಷ್ಟು. ಬಿಲ್ಲುಗಳನ್ನು ಲಗತ್ತಿಸಿದೆ. ಸೇವೆಯಲ್ಲಿ ಬರೆದ ಅಸಂಖ್ಯ ಟಿಪ್ಪಣಿಗಳಲ್ಲಿ ಇದರಷ್ಟು ಕಷ್ಟದ್ದು ಬೇರೊಂದಿಲ್ಲ.

ಮೊದಲು ಬಂದ ಇಬ್ಬರು ಬೆಸುಗೆಯ ಸಾಲು ಓದಿ ಎದ್ದುಹೋದರು. ಮೂರನೆಯವರು ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರ ಮಗ. ತೋಟದ ದಾರಿಗೆ ಗಾಡಿ ಬೇಕಿತ್ತು. ಬ್ರ್ಯಾಕೆಟ್ಟನ್ನು ತಮ್ಮ ಮೆಕ್ಯಾನಿಕ್‌ಗೆ ತೋರಿಸಿ, ಹೊಸದು ಹಾಕಿಸುವ ಖರ್ಚನ್ನು ಕಳೆದು, 2,60,000ಕ್ಕೆ ಒಪ್ಪಿದರು. 'ಇದನ್ನೇ ಹೇಳಿದ ಮೇಲೆ ಇನ್ನೇನೂ ಬಚ್ಚಿಟ್ಟಿರಲಿಕ್ಕಿಲ್ಲ ಅಂದ್ಕೊಂಡೆ ಸರ್' ಎಂದರು. ದಲ್ಲಾಳಿ ಹೇಳಿದ್ದಕ್ಕಿಂತ 90,000 ಕಡಿಮೆ. ನಷ್ಟವನ್ನು ನಾನು ಲಾಭವೆಂದು ಬಣ್ಣಿಸುವುದಿಲ್ಲ. ಮುಚ್ಚಿಟ್ಟಿದ್ದರೆ ಆ ಹಣ ಅವರ ಜೇಬಿನಿಂದ ನನ್ನದಕ್ಕೆ ಅವರಿಗೆ ಅರಿವಿಲ್ಲದೆಯೇ ಬರುತ್ತಿತ್ತು, ಅಷ್ಟೇ.

ಹಣ ಎಣಿಸಿಕೊಂಡು ಕೀಲಿ ಕೊಟ್ಟರೆ ಕೆಲಸ ಮುಗಿಯಿತೆಂದು ಅನೇಕರ ಎಣಿಕೆ. 29 ಮತ್ತು 30ನೇ ನಮೂನೆಗಳಿಗೆ ಖಾಲಿ ಸಹಿ ಹಾಕಿ ದಲ್ಲಾಳಿಗೆ ಕೊಟ್ಟು ಮರೆಯುವುದು ರೂಢಿ. ಹಲವು ಕೈ ದಾಟಿದ ವಾಹನವೊಂದರ ಅಪಘಾತದ ಪ್ರಕರಣದಲ್ಲಿ, 2018ರ ಫೆಬ್ರುವರಿಯಲ್ಲಿ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು ಹದಿನಾಲ್ಕು ದಿನಗಳೊಳಗೆ ತಿಳಿಸಬೇಕು. ನಾನೇ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಂದೆ.

ಇಷ್ಟು ಹೇಳಿದ ಮೇಲೂ, ತಪ್ಪು ನನ್ನಂಥವರದೊಂದೇ ಎಂದು ಕೈತೊಳೆದುಕೊಳ್ಳುವುದು ನೀತಿ ರೂಪಿಸುವವರಿಗೆ ಸಲ್ಲದು. ಜರ್ಮನಿಯಲ್ಲಿ ವಾಹನದ ಮಹತ್ವದ ಮಾರ್ಪಾಡನ್ನು ಮಾನ್ಯತೆ ಪಡೆದ ತಜ್ಞರು ಪರೀಕ್ಷಿಸಿ, ಅದು ವಾಹನದ ದಾಖಲೆಯಲ್ಲಿ ನಮೂದಾಗುವ ವ್ಯವಸ್ಥೆಯಿದೆ. ದೂರ ಪ್ರಯಾಣದ ವಾಹನಗಳು ಬಹಳವಿರುವ ಆಸ್ಟ್ರೇಲಿಯಾದಲ್ಲಿ ಲಘು ವಾಹನಗಳ ಮಾರ್ಪಾಡಿಗೆ ರಾಷ್ಟ್ರೀಯ ಸಂಹಿತೆಯೂ, ಎಂಜಿನಿಯರ್ ಪ್ರಮಾಣಪತ್ರದ ಪದ್ಧತಿಯೂ ಇವೆ. ನಮ್ಮಲ್ಲಿ ಇಂಧನ ಬದಲಾವಣೆಗೆ, ಅಂಗವಿಕಲರ ಅನುಕೂಲಕ್ಕೆ ಕಾಯ್ದೆ ದಾರಿ ಮಾಡಿಕೊಟ್ಟಿದೆ. ಉಳಿದ ಮಾರ್ಪಾಡುಗಳಿಗೆ ಸಾಮಾನ್ಯ ಮಾಲೀಕ ಸುಲಭವಾಗಿ ಹಿಡಿಯಬಹುದಾದ ದಾರಿಯಿಲ್ಲ. ಗ್ಯಾರೇಜುಗಳು ಹಗಲಿನಲ್ಲೇ ಕೆಲಸ ಮಾಡುತ್ತವೆ, ಭಾಗಗಳು ಅಂಗಡಿಯಲ್ಲಿ ಬಿಲ್ಲಿನೊಂದಿಗೆ ಸಿಗುತ್ತವೆ, ಸರ್ಕಾರ ಅವುಗಳ ಮೇಲೆ ತೆರಿಗೆ ಪಡೆಯುತ್ತದೆ. ದಾಖಲೆಗೆ ಮಾತ್ರ ಇವು ಗೋಚರಿಸುವುದಿಲ್ಲ. ಅಗೋಚರವಾದದ್ದನ್ನು ಪರೀಕ್ಷಿಸುವವರು ಯಾರು? ಅದರ ಭಾರ ಹೊರುವವನು ಎರಡನೆಯ, ಮೂರನೆಯ ಮಾಲೀಕ.

ದೇಶದಲ್ಲಿ ಸ್ಥಾಪನೆಯಾಗುತ್ತಿರುವ ಸ್ವಯಂಚಾಲಿತ ತಪಾಸಣಾ ಕೇಂದ್ರಗಳಿಗೆ ಈ ಹೊಣೆಯನ್ನು ವಹಿಸಬಹುದು. ಅಪಾಯಕಾರಿಯಾದುದಕ್ಕೆ ನಿಷೇಧವಿರಲಿ, ಸಹ್ಯವಾದುದಕ್ಕೆ ಪರೀಕ್ಷೆ ಮತ್ತು ಶುಲ್ಕವಿರಲಿ, ಎರಡೂ ನೋಂದಣಿ ದಾಖಲೆಯಲ್ಲಿರಲಿ. ಆಗ ನನ್ನ ಎರಡು ಪುಟದ ಟಿಪ್ಪಣಿಯ ಕೆಲಸವನ್ನು ವಾಹನದ ದಾಖಲೆಯೇ ಮಾಡುತ್ತದೆ. ಕೊಳ್ಳುವವರು ಮಾರುವವನ ಆತ್ಮಸಾಕ್ಷಿಯನ್ನು ನೆಚ್ಚಿ ಕೂರಬೇಕಾಗಿಲ್ಲ.

ಹೆಸರು ವರ್ಗಾವಣೆಯಾದ ಸಂದೇಶ ಮೊಬೈಲಿಗೆ ಬಂದ ಸಂಜೆ ಖಾಲಿ ಶೆಡ್ಡಿನ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಕೆಲವು ತಿಂಗಳ ನಂತರ ಬೆಳೆಗಾರರ ಮಗ ಫೋನ್ ಮಾಡಿದ್ದರು. ಹೊಸ ಬ್ರ್ಯಾಕೆಟ್ ಹಾಕಿಸಿದರಂತೆ. ಮಳೆಗಾಲದಲ್ಲಿ ಗಾಡಿ ತೊಂದರೆ ಕೊಡಲಿಲ್ಲವಂತೆ. ನನ್ನ ಟಿಪ್ಪಣಿಯನ್ನು ನೋಂದಣಿ ಪತ್ರದ ಜೊತೆಗೇ ಇಟ್ಟಿದ್ದಾರಂತೆ. ಮುಂದೆ ಮಾರುವ ದಿನ ಬಂದರೆ ಅದನ್ನೂ ಕೊಟ್ಟೇ ಮಾರುತ್ತೇನೆಂದರು.