ಬಾಲ ನೋಡಿ, ಕೆಲಸವನ್ನೂ ನೋಡಿ

ನಮ್ಮ ಮಾಣಿ ಅಣೆಕಟ್ಟಿನ ನೀರು ವಾರಾಹಿ ಯೋಜನೆಯಲ್ಲಿ ವಿದ್ಯುತ್ ಉತ್ಪಾದಿಸುತ್ತದೆ. ಇಂಗ್ಲಿಷಿನಲ್ಲಿ 'ಪ್ರೊಡ್ಯೂಸ್' ಕ್ರಿಯಾಪದ, 'ಪ್ರೊಡಕ್ಷನ್' ನಾಮಪದ, 'ಪ್ರೊಡಕ್ಟಿವ್' ಗುಣವಾಚಕ, 'ಪ್ರೊಡಕ್ಟಿವ್ಲಿ' ಕ್ರಿಯಾವಿಶೇಷಣ. ಬುಡ ಒಂದೇ, ಬಾಲ ಬೇರೆ.

ನಮ್ಮ ಮನೆಯ ಉರ್ದುವಿನಲ್ಲಿ ಲೆಕ್ಕಕ್ಕೆ 'ಹಿಸಾಬ್', ಲೆಕ್ಕಿಗನಿಗೆ 'ಮುಹಾಸಿಬ್'. ಹ, ಸ, ಬ ಉಳಿದು ಸ್ವರಗಳು ಬದಲಾಗುತ್ತವೆ, ಮುಂದೆ 'ಮು' ಸೇರುತ್ತದೆ. ಕನ್ನಡ ಮಾತ್ರ ಇಂಗ್ಲಿಷಿನ ಹಾಗೆ ಬಾಲ ಸೇರಿಸುತ್ತದೆ: ಲಾಭ, ಲಾಭದಾಯಕ, ಲಾಭದಾಯಕವಾಗಿ, ಪ್ರಾಫಿಟ್, ಪ್ರಾಫಿಟೇಬಲ್, ಪ್ರಾಫಿಟೇಬ್ಲಿ.

ಆದರೆ 'ಲಿ' ಇದ್ದದ್ದೆಲ್ಲ ಕ್ರಿಯಾವಿಶೇಷಣವಲ್ಲ. 'ಕಾಸ್ಟ್ಲಿ ಫೋನ್' ಎಂದಾಗ ಕಾಸ್ಟ್ಲಿ ಫೋನಿನ ಗುಣ ಹೇಳುತ್ತದೆ, ಅದು ಗುಣವಾಚಕ. ಹಾಗಾಗಿ ಪರೀಕ್ಷೆಯಲ್ಲಿ ಬಿಟ್ಟ ಜಾಗ ತುಂಬುವ ಮೊದಲು ನಾನು ಕೇಳಿಕೊಳ್ಳುವುದು ಇಷ್ಟೇ: ಇಲ್ಲಿ ಬೇಕಾದದ್ದು ವಸ್ತುವಿನ ಗುಣವೋ, ಕೆಲಸ ನಡೆದ ರೀತಿಯೋ? ನೀವೂ ಕೇಳಿಕೊಳ್ಳಿ, ಅಂಕ ಉಳಿಯುತ್ತದೆ.